ವಾಂತಿ ಆಗ್ತಿದೆ ಅಂತ ಇನ್ಸುಲಿನ್ ನಿಲ್ಲಿಸಬೇಡಿ

ಸಕ್ಕರೆ ಕಾಯಿಲೆ ಅಂದ ತಕ್ಷಣ ಕಣ್ಣು, ಕಿಡ್ನಿ, ಕಾಲಿನ ಗಾಯದ ಮಾತು ಬರುತ್ತದೆ. ಅವೆಲ್ಲ ವರ್ಷಗಟ್ಟಲೆ ಹಿಡಿದು ಬರುವಂಥವು. ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ತರುವ ಡಯಾಬಿಟಿಕ್ ಕೀಟೋಅಸಿಡೋಸಿಸ್, ಅಂದರೆ ಡಿಕೆಎ, ಹೆಸರನ್ನೇ ಎಷ್ಟೋ ಮಂದಿ ಕೇಳಿರುವುದಿಲ್ಲ. ಬಹುಪಾಲು ತಡೆಯಬಹುದಾದ ಸಾವು ಇದು, ಅದೇ ನನ್ನ ಸಂಕಟ.

ಇನ್ಸುಲಿನ್ ತೀರಾ ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಗಳಿಗೆ ದಕ್ಕುವುದಿಲ್ಲ. ಆಗ ದೇಹ ಕೊಬ್ಬನ್ನು ಕರಗಿಸುತ್ತದೆ, ಲಿವರ್ ಅದರಿಂದ ಕೀಟೋನ್ ಎಂಬ ಆಮ್ಲೀಯ ವಸ್ತು ತಯಾರಿಸುತ್ತದೆ. ಕೀಟೋನ್ ಮಿತಿಮೀರಿದರೆ ರಕ್ತದಲ್ಲಿ ಆಮ್ಲ ಏರುತ್ತದೆ. ಇತ್ತ ಹೆಚ್ಚಾದ ಸಕ್ಕರೆ ಮೂತ್ರದ ಜೊತೆ ನೀರು, ಲವಣ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ವಿಪರೀತ ದಾಹ, ಸುಸ್ತು, ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನಂಥ ವಾಸನೆ. ಆಮೇಲೆ ಆಳವಾದ, ಬಿರುಸಿನ ಉಸಿರಾಟ. ಆಮ್ಲವನ್ನು ಹೊರಹಾಕಲು ದೇಹ ಪಡುವ ಪಾಡು ಅದು. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ ಇದನ್ನು 1874ರಲ್ಲೇ ವಿವರಿಸಿದ್ದರು. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಶುರುವಾಗುವ ತನಕ ಈ ಹಂತ ತಲುಪಿದವರು ಉಳಿಯುವುದೇ ಅಪರೂಪವಾಗಿತ್ತು.

ಇನ್ಸುಲಿನ್ ಕೈಯಲ್ಲಿದ್ದೂ ಈಗ ಎಡವುವುದು ಎಲ್ಲಿ? "ಊಟವೇ ಸೇರುತ್ತಿಲ್ಲ, ಇಂಜೆಕ್ಷನ್ ಕೊಟ್ಟರೆ ಶುಗರ್ ಇಳಿದುಬಿಟ್ಟರೆ?" ಭಯ ಸಹಜವೇ. ಆದರೆ ಜ್ವರ, ಸೋಂಕು ಬಂದಾಗ ದೇಹಕ್ಕೆ ಇನ್ಸುಲಿನ್ ಸಾಮಾನ್ಯವಾಗಿ ಹೆಚ್ಚೇ ಬೇಕಾಗುತ್ತದೆ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತುಹೋದ ಸಕ್ಕರೆ ಕಾಯಿಲೆ, ಇರುವವರು ಡೋಸ್ ಬದಲಿಸಬೇಕಾಗಬಹುದು, ಅದನ್ನು ವೈದ್ಯರನ್ನು ಕೇಳಿ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಅನ್ನು ಮಾತ್ರ ಪೂರ್ತಿ ನಿಲ್ಲಿಸಲೇಬಾರದು. ಕಾಯಿಲೆ ಬಿದ್ದ ದಿನ ಏನು ಮಾಡಬೇಕು ಎಂದು ಚೆನ್ನಾಗಿರುವಾಗಲೇ ಬರೆಸಿಕೊಂಡು ಇಟ್ಟುಕೊಳ್ಳಿ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ಮಕ್ಕಳಲ್ಲಿ ಟೈಪ್ 1 ಇದೆಯೆಂದು ಗೊತ್ತಾಗುವುದೇ ಡಿಕೆಎ ಆದಾಗ. ತೂಕ ಇಳಿದ, ಸದಾ ನೀರು ಕೇಳುವ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದ ಮಗುವಿಗೆ ವಾಂತಿಯಾದರೆ "ಅಜೀರ್ಣ" ಎಂದು ಸುಮ್ಮನಾಗಬೇಡಿ. ಬೆರಳಿಂದ ಒಂದು ಹನಿ ರಕ್ತ ಪರೀಕ್ಷಿಸಲು ನಿಮಿಷವೂ ಬೇಡ.

ಟೈಪ್ 2, ಅಂದರೆ ಇನ್ಸುಲಿನ್ ಇದ್ದರೂ ಸಾಲದ ಅಥವಾ ಸರಿಯಾಗಿ ಕೆಲಸ ಮಾಡದ ಸಕ್ಕರೆ ಕಾಯಿಲೆ, ಇರುವವರಿಗೂ ಡಿಕೆಎ ಬರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಅಷ್ಟೇನೂ ಏರದೆಯೂ ಡಿಕೆಎ ಆಗುವುದುಂಟು. ಮೀಟರ್ ನೋಡಿ ನಿಶ್ಚಿಂತರಾಗಬೇಡಿ, ಕೀಟೋನ್ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಅದು ಲೀಟರಿಗೆ 3 ಮಿಲಿಮೋಲ್ ಮುಟ್ಟಿದರೆ ತುರ್ತು ಚಿಕಿತ್ಸೆಯೇ ಬೇಕು.

ಮನೆಯಲ್ಲಿ ನೀರು ಕುಡಿಸಿ, ಇನ್ಸುಲಿನ್ ಕೊಟ್ಟು ನೋಡೋಣ ಅನ್ನುವ ಹಂತ ಅದಲ್ಲ. ಡ್ರಿಪ್ ಜೊತೆ ಇನ್ಸುಲಿನ್ ಹೋಗುತ್ತಿದ್ದಂತೆ ರಕ್ತದ ಪೊಟ್ಯಾಸಿಯಂ ಕುಸಿಯುತ್ತದೆ, ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ಮತ್ತೆ ಮತ್ತೆ ರಕ್ತ ಪರೀಕ್ಷಿಸುತ್ತಾರೆ. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಕೊನೆಯ ಇನ್ಸುಲಿನ್ ಯಾವಾಗ ಕೊಟ್ಟಿದ್ದು, ಇಷ್ಟನ್ನು ಮೊದಲು ಹೇಳಿ.