ಕೈಯಲ್ಲಿ ಹೆಣೆಯೋದಕ್ಕೆ ಅಷ್ಟು ದುಬಾರಿ ದಾರ ಯಾಕೆ ಅನ್ನುವವರಿಗೆ

ಈಗಷ್ಟೇ ಚಿಕ್ಕಪೇಟೆಯಿಂದ ಬಂದೆ. ಕಾಫಿ ಕುಡಿದರೂ ಸಿಟ್ಟು ಇಳಿದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಉಲ್ಲನ್ ಅಂಗಡಿಯಲ್ಲಿ ಒಬ್ಬ ಹುಡುಗಿ ಇದ್ದಳು. ಇಪ್ಪತ್ತು ದಾಟಿರಬಹುದು. ಅಪ್ಪನಿಗೆ ಸ್ವೆಟರ್ ಹೆಣೆಯಬೇಕಂತೆ, ಅವಳ ಮೊದಲ ಸ್ವೆಟರ್. ಬೂದು ಬಣ್ಣದ ಮೆರಿನೋ (ನವಿರಾದ ಕುರಿ ಉಣ್ಣೆ) ಉಂಡೆಯೊಂದನ್ನು ಎತ್ತಿ ಕುತ್ತಿಗೆಗೆ ಒತ್ತಿ ನೋಡಿದಳು. ಹೆಣೆಯುವವರಿಗೆ ಗೊತ್ತು, ದಾರ ಚುಚ್ಚುತ್ತದಾ ಅಂತ ನೋಡೋದು ಹೀಗೇ. ಯಾರೂ ಹೇಳಿಕೊಡದೆ ಅವಳಿಗೆ ಅದು ಹೊಳೆದಿತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೋಗಿ ಮಾತಾಡಿಸೋಣ ಅಂತಿದ್ದೆ. ಅಷ್ಟರಲ್ಲಿ ಜೊತೆಗಿದ್ದ ದೊಡ್ಡಮ್ಮ ಬೆಲೆ ಕೇಳಿದರು. "ಕೈಯಲ್ಲಿ ಹೆಣೆಯೋದು ತಾನೇ? ಅದಕ್ಕೆ ಇಷ್ಟು ದುಡ್ಡು ಹಾಕ್ತಾರಾ? ಇದಕ್ಕೆ ಎರಡು ರೆಡಿಮೇಡ್ ಬರುತ್ತೆ." ಅಂಗಡಿಯವರೂ ಹೌದೆಂದರು. "ಮನೇಲಿ ಹಾಕೋದಕ್ಕೆ ಅಕ್ರಿಲಿಕ್ ಸಾಕಮ್ಮ, ಎಲ್ಲರೂ ಅದನ್ನೇ ತಗೊಂಡು ಹೋಗೋದು." ಅಕ್ರಿಲಿಕ್ ಅಂದರೆ ಕೃತಕ ದಾರ. ಹುಡುಗಿ ಉಂಡೆಯನ್ನು ವಾಪಸ್ ಇಟ್ಟಳು.

ಕೈಯಲ್ಲಿ ಹೆಣೆಯೋದು ತಾನೇ. ನಾನು ಹೆಣಿಗೆ ಕಲಿತ ದಿನದಿಂದ ಈ ಮಾತು ಕೇಳುತ್ತಾ ಬಂದಿದ್ದೇನೆ. ನೆಂಟರ ಬಾಯಲ್ಲಿ, ಆಫೀಸಿನಲ್ಲಿ, ಮೆಟ್ರೋದಲ್ಲಿ ಪಕ್ಕ ಕೂತವರ ಬಾಯಲ್ಲಿ. ಇದರ ಹಿಂದಿರುವ ಲೆಕ್ಕ ನನಗೆ ಅರ್ಥವಾಗುತ್ತದೆ. ಮನೆ ಹೆಂಗಸರ ಕೈಕೆಲಸಕ್ಕೆ ಕೂಲಿ ಇಲ್ಲ. ಅದು ಪುಕ್ಕಟೆ. ಪುಕ್ಕಟೆ ಕೆಲಸಕ್ಕೆ ಹಾಕುವ ಸಾಮಾನೂ ಅಗ್ಗದ್ದೇ ಇರಬೇಕು. ಲೆಕ್ಕ ಇಷ್ಟೇ.

ಈಗ ನಾನೊಂದು ಲೆಕ್ಕ ಹೇಳುತ್ತೇನೆ. ಮಧ್ಯಮ ದಪ್ಪದ ದಾರದಲ್ಲಿ 10 ಸೆಂಟಿಮೀಟರಿಗೆ ಅಡ್ಡಕ್ಕೆ ಸುಮಾರು 22 ಸ್ಟಿಚ್, ಉದ್ದಕ್ಕೆ 28 ಸಾಲು ಬರುತ್ತವೆ. ಸ್ವೆಟರಿನ ಬೆನ್ನಿನ ಭಾಗ 50 ಸೆಂಟಿಮೀಟರ್ ಅಗಲ, 60 ಉದ್ದ ಅಂದುಕೊಳ್ಳಿ. 110 ಸ್ಟಿಚ್, 168 ಸಾಲು. ಬೆನ್ನಿಗೇ 18,480 ಸ್ಟಿಚ್ ಆಯಿತು. ಎದೆಯ ಭಾಗ ಹೆಚ್ಚುಕಡಿಮೆ ಅಷ್ಟೇ. ಎರಡು ತೋಳು ಸೇರಿಸಿದರೆ ಐವತ್ತು ಸಾವಿರ ದಾಟುತ್ತದೆ. ಪ್ರತಿ ಸ್ಟಿಚ್ಚಿಗೂ ದಾರ ಒಮ್ಮೆ ಬೆರಳಿನ ಮೇಲೆ ಜಾರಿ ಹೋಗುತ್ತದೆ. ಅಷ್ಟು ಸಲ ಮುಟ್ಟುವ ದಾರ ಚೆನ್ನಾಗಿರಬೇಕು ಅಂತ ಆಸೆ ಪಡುವುದು ಶೋಕಿಯಾ? ಮಷಿನ್ನಿನಲ್ಲಿ ಒಂದು ಗಳಿಗೆಯಲ್ಲಿ ತಯಾರಾಗುವುದಕ್ಕೆ ಅಗ್ಗದ ದಾರ ಹಾಕಲಿ. ತಿಂಗಳುಗಟ್ಟಲೆ ಹೆಣೆಯುವ ಬಟ್ಟೆಗೆ ಯಾಕೆ ಹಾಕಬೇಕು?

ಮೈಸೂರು ಸಿಲ್ಕ್ ಸೀರೆ ತರಲು ಹೊರಟವರಿಗೆ "ಸೀರೆ ತಾನೇ, ನೈಲಾನ್ ಸಾಕು" ಅಂತ ಯಾರೂ ಹೇಳುವುದಿಲ್ಲ. ಜರಿ ನೋಡುತ್ತಾರೆ, ತೂಕ ಕೇಳುತ್ತಾರೆ, ಸೆರಗು ಮುಟ್ಟಿ ನೋಡುತ್ತಾರೆ. ಇಷ್ಟು ರೇಷ್ಮೆ ಬೆಳೆಯುವ ರಾಜ್ಯ ದೇಶದಲ್ಲೇ ಇನ್ನೊಂದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ಬೆಂಗಳೂರಿಗೆ ಐವತ್ತು ಕಿಲೋಮೀಟರ್ ದೂರದಲ್ಲೇ ಇದೆ. ಒಳ್ಳೆಯ ಎಳೆ ಅಂದರೇನು ಅಂತ ನಮ್ಮ ಜನಕ್ಕೆ ಕಲಿಸಬೇಕಾಗಿಲ್ಲ. ಎಲ್ಲ ಗೊತ್ತು. ಉಲ್ಲನ್ ಉಂಡೆ ಕಂಡ ತಕ್ಷಣ ಮರೆತುಹೋಗುತ್ತದೆ.

ಉಣ್ಣೆಯೂ ನಮಗೆ ಹೊಸದಲ್ಲ. ಚಳ್ಳಕೆರೆ ಕಡೆಯ ಕರಿ ಕಂಬಳಿ ನೋಡದವರು ಯಾರು? ಬಿನ್ನಿಪೇಟೆಗೆ ಹೆಸರು ತಂದ ಬಿನ್ನಿ ಮಿಲ್ಲಿನ ಪೂರ್ತಿ ಹೆಸರು ಬೆಂಗಳೂರು ಉಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್. 1880ರ ದಶಕದ ಮಿಲ್ ಅದು. ಆದರೆ ಉಣ್ಣೆ ಅಂದರೆ ನಮ್ಮವರಿಗೆ ಕಂಬಳಿಯೇ ನೆನಪಾಗುತ್ತದೆ. ಉಣ್ಣೆಯೆಲ್ಲ ಚುಚ್ಚುತ್ತದೆ ಅಂದುಕೊಂಡಿದ್ದಾರೆ. ಚುಚ್ಚುವುದು ಎಳೆಯ ದಪ್ಪದಿಂದ. 30 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಎಳೆಗಳು ಜಾಸ್ತಿ ಇದ್ದರೆ ಅವುಗಳ ತುದಿ ಚರ್ಮಕ್ಕೆ ಒತ್ತುತ್ತವೆ, ಬಾಗುವುದಿಲ್ಲ. ಒಳ್ಳೆಯ ಮೆರಿನೋ ಇಪ್ಪತ್ತರ ಆಸುಪಾಸು, ಕೆಲವು ಇನ್ನೂ ಸಣ್ಣ. ಲಡಾಖಿನ ಚಾಂಗ್‌ಥಾಂಗ್ ಬಯಲಿನ ಮೇಕೆಯ ಪಶ್ಮಿನಾ 12ರಿಂದ 15. ನಮ್ಮ ತಲೆಕೂದಲು ಅದರ ನಾಲ್ಕೈದು ಪಟ್ಟು ದಪ್ಪ.

ಪಶ್ಮಿನಾಕ್ಕೆ ಅಷ್ಟು ಬೆಲೆ ಯಾಕೆ ಅಂತ ಕೇಳುತ್ತಾರಲ್ಲ, ಹೇಳುತ್ತೇನೆ. ಆ ಮೇಕೆಯ ಮೈಗೆ ಚಳಿಗಾಲದಲ್ಲಿ ಒಳಗಡೆ ಒಂದು ನವಿರಾದ ಪದರ ಬೆಳೆಯುತ್ತದೆ. ಚಳಿ ಕಳೆದ ಮೇಲೆ ಅದು ತಾನೇ ಉದುರಲು ಶುರುವಾಗುತ್ತದೆ. ಆಗ ಕುರಿಗಾಹಿಗಳು ಬಾಚಣಿಗೆಯಲ್ಲಿ ಬಾಚಿ ತೆಗೆಯುತ್ತಾರೆ. ಒಂದು ಮೇಕೆಗೆ ವರ್ಷಕ್ಕೆ ಕಾಲು ಕೆಜಿಯ ಆಸುಪಾಸು ಸಿಕ್ಕರೆ ಹೆಚ್ಚು. ಅದರಲ್ಲಿ ಒರಟು ಕೂದಲು ಬೇರ್ಪಡಿಸಿದರೆ ಅರ್ಧವೂ ಉಳಿಯುವುದಿಲ್ಲ. ಒಂದು ಸ್ವೆಟರಿಗೆ ಮೂರ್ನಾಲ್ಕು ಮೇಕೆಗಳ ಇಡೀ ವರ್ಷದ ಕೂದಲು ಬೇಕು. ಇದನ್ನು ತಿಳಿದುಕೊಂಡು ದುಬಾರಿ ಅನ್ನಿ, ನನಗೆ ಬೇಜಾರಿಲ್ಲ. ತಿಳಿಯದೆ, ನೂರಾರು ರೂಪಾಯಿಯ ಅಕ್ರಿಲಿಕ್ ಶಾಲಿಗೆ ಪಶ್ಮಿನಾ ಅಂತ ಚೀಟಿ ಅಂಟಿಸಿದ್ದನ್ನು ನಂಬಿ ಕೊಂಡು ಬಂದು, ಆಮೇಲೆ ನನ್ನ ದಾರದ ಬೆಲೆ ಕೇಳಿ ಹುಬ್ಬೇರಿಸುತ್ತಾರಲ್ಲ, ಅದನ್ನು ನನಗೆ ತಡೆಯಲಾಗುವುದಿಲ್ಲ. ಅನುಮಾನ ಇದ್ದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಉಣ್ಣೆ ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತದೆ.

ಬೆಂಗಳೂರಿನಲ್ಲಿ ಚಳಿ ಎಲ್ಲಿದೆ, ಉಣ್ಣೆ ಸ್ವೆಟರ್ ಯಾಕೆ ಅನ್ನುವವರೂ ಇದ್ದಾರೆ. 1884ರ ಜನವರಿ 13ರಂದು ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಅದು ಹಳೇ ಕಥೆ, ಒಪ್ಪುತ್ತೇನೆ. ಈಗ ಡಿಸೆಂಬರ್, ಜನವರಿಯಲ್ಲಿ ರಾತ್ರಿ 15, 16 ಡಿಗ್ರಿ. ಆದರೆ ಇದೇ ಹವೆಗೆ ತೆಳು ಮೆರಿನೋ ಹೇಳಿ ಮಾಡಿಸಿದ್ದು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನಿಸುವುದಿಲ್ಲ. ಸಂಜೆ ಜಡಿಮಳೆಯಲ್ಲಿ ಸ್ಕೂಟರಿನಲ್ಲಿ ಬರುವವರು, ಎಸಿ ಆಫೀಸಿನಲ್ಲಿ ನಡುಗುವವರು ಒಮ್ಮೆ ಹಾಕಿ ನೋಡಿ. ಅಕ್ರಿಲಿಕ್ ಒಳಗೆ ಬೆವರು ಅಲ್ಲೇ ನಿಲ್ಲುತ್ತದೆ. ಕಡಲೆಕಾಯಿ ಪರಿಷೆಗೆ ಸ್ವೆಟರ್ ಹಾಕಿ ಹೋಗಿ, ಅರ್ಧ ದಾರಿಯಲ್ಲೇ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಇದರಿಂದಲೇ.

ಇನ್ನೊಂದು ಮಾತು ಸ್ವಲ್ಪ ನಿಜ. ಅಕ್ರಿಲಿಕ್ಕನ್ನು ವಾಷಿಂಗ್ ಮಷಿನ್ನಿಗೆ ಹಾಕಬಹುದು, ಹುಳ ತಿನ್ನುವುದಿಲ್ಲ. ಮಣ್ಣಲ್ಲಿ ಹೊರಳಾಡುವ ಮಕ್ಕಳಿಗೆ ಅದನ್ನೇ ಹೆಣೆಯಿರಿ, ನನ್ನ ತಕರಾರಿಲ್ಲ. ಉಣ್ಣೆಯನ್ನು ಬಿಸಿನೀರಲ್ಲಿ ಹಾಕಿ ತಿಕ್ಕಿದರೆ ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿಬಿಡುತ್ತದೆ. ತಣ್ಣೀರು, ಮೆತ್ತನೆ ಸೋಪು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿದರೆ ಮುಗಿಯಿತು. ರೇಷ್ಮೆ ಸೀರೆಯನ್ನು ಇದಕ್ಕಿಂತ ಹೆಚ್ಚು ಜೋಪಾನ ಮಾಡುತ್ತೇವಲ್ಲ.

ಈಗ ನನ್ನ ಅಮ್ಮನ ವಿಷಯ ಹೇಳಲೇಬೇಕು. ಅಮ್ಮನ ಹೆಣಿಗೆ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಜಡೆಯಂತೆ ಕಾಣುವ ಕೇಬಲ್ ಡಿಸೈನ್ ಹಾಕಿದರೆ ಬೆನ್ನು ಯಾವುದು, ಎದೆ ಯಾವುದು ಅಂತ ಹುಡುಕುವಷ್ಟು ಒಂದೇ ಸಮ. ಜೀವನವಿಡೀ ಅಮ್ಮನ ಕೈಗೆ ಸಿಕ್ಕಿದ್ದು ಅಗ್ಗದ ದಾರ, ಇಲ್ಲವೇ ಯಾರದ್ದೋ ಹಳೇ ಸ್ವೆಟರ್ ಬಿಚ್ಚಿದ ದಾರ. ಮೂರು ವರ್ಷದಲ್ಲೇ ಗುಳ್ಳೆ ಗುಳ್ಳೆ ಎದ್ದು, ಜೋತುಬಿದ್ದು, ಆ ಸ್ವೆಟರುಗಳೆಲ್ಲ ನೆಲ ಒರೆಸುವ ಬಟ್ಟೆಯಾದವು. ಅಷ್ಟು ಚೆಂದದ ಕೆಲಸ! ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಳೆದ ಚಳಿಗಾಲಕ್ಕೆ ನಾನು ಮೆರಿನೋ, ರೇಷ್ಮೆ ಬೆರೆತ ದಾರ ತಂದುಕೊಟ್ಟೆ. ಬೆಲೆ ಕೇಳಿ ಬೈದರು. ವಾಪಸ್ ಕೊಟ್ಟು ಬಾ ಅಂದರು. ರಾತ್ರಿ ಊಟ ಆದ ಮೇಲೆ ನೋಡಿದರೆ ಸದ್ದಿಲ್ಲದೆ ನೀಡಲಿಗೆ ಸ್ಟಿಚ್ ಹಾಕುತ್ತಿದ್ದರು. ಅಮ್ಮನ ಬೆರಳುಗಳಲ್ಲಿ ಸಂಧಿವಾತ ಇದೆ. ಅಕ್ರಿಲಿಕ್ ಹಿಡಿದರೆ ಅರ್ಧ ಗಂಟೆಗೆ ನೋವು ಶುರು. ಉಣ್ಣೆ ಎಳೆದಂತೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ, ಕೈಗೆ ಜಗ್ಗಾಟ ಕಡಿಮೆ. ಅವತ್ತು ತುಂಬಾ ಹೊತ್ತು ಹೆಣೆದರು. ಆಮೇಲೆ ದಾರವನ್ನು ತೊಡೆಯ ಮೇಲಿಟ್ಟುಕೊಂಡು, "ಇಂಥದ್ದು ಇದೆ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲೇ" ಅಂದರು.

ಯಾರೂ ಹೇಳಲಿಲ್ಲ. ಹೇಳಬೇಕಾದವರೆಲ್ಲ ಕೈಯಲ್ಲಿ ಹೆಣೆಯೋದು ತಾನೇ ಅಂದರು.

ಮೊದಲ ಸ್ವೆಟರಿಗೇ ಕಾಶ್ಮೀರಿ ಪಶ್ಮಿನಾ ತನ್ನಿ ಅಂತ ನಾನು ಹೇಳುತ್ತಿಲ್ಲ. ಅಂಗೋರಾ ಮೇಕೆಯ ಕೂದಲಿನ ಮೊಹೇರ್ ಅಂತೂ ಬೇಡ. ಅದರ ನವಿರು ಕೂದಲು ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ತಪ್ಪಾದರೆ ಬಿಚ್ಚುವುದು ದೊಡ್ಡ ಪಾಡು. ದಕ್ಷಿಣ ಅಮೆರಿಕದ ಅಲ್ಪಾಕಾ ಪ್ರಾಣಿಯ ಉಣ್ಣೆ ಬೆಚ್ಚಗಿದ್ದರೂ ಭಾರ, ಹಾಕಿದಷ್ಟೂ ಉದ್ದಕ್ಕೆ ಇಳಿಯುತ್ತದೆ. ಕಲಿಯುವವರಿಗೆ ಸಾದಾ ಮೆರಿನೋ ಒಳ್ಳೆಯದು. ಸ್ಟಿಚ್ ಸ್ಪಷ್ಟವಾಗಿ ಕಾಣುತ್ತದೆ, ಬಿಚ್ಚಿ ಮತ್ತೆ ಹೆಣೆದರೂ ದಾರ ಸೊರಗುವುದಿಲ್ಲ, ಸಣ್ಣಪುಟ್ಟ ಏರುಪೇರು ತೊಳೆದ ಮೇಲೆ ತಾನೇ ಕೂತುಕೊಳ್ಳುತ್ತದೆ. ಅಕ್ರಿಲಿಕ್ ಇದ್ಯಾವುದನ್ನೂ ಸರಿಯಾಗಿ ಮಾಡುವುದಿಲ್ಲ. ಕಲಿಯುವವರ ಕೈಗೆ ಅದನ್ನು ಕೊಟ್ಟು, ನಾಲ್ಕು ಬೆರಳು ಹೆಣೆದು ಬಿಟ್ಟುಬಿಟ್ಟರೆ "ಅವಳಿಗೆ ತಾಳ್ಮೆ ಇಲ್ಲ" ಅನ್ನುತ್ತಾರೆ. ದಾರದ ತಪ್ಪಿಗೆ ಹುಡುಗಿಯರನ್ನು ಬೈಯುವುದು ಯಾವ ನ್ಯಾಯ?

ಕಲಿಯಬೇಕು ಅನ್ನುವವರು ಶನಿವಾರ ಸಂಜೆ ಮನೆಗೆ ಬನ್ನಿ. ನೀಡಲ್ ನನ್ನ ಹತ್ತಿರ ಎಲ್ಲ ಸೈಜಿನದ್ದೂ ಇವೆ. ಅಮ್ಮನೂ ಇರುತ್ತಾರೆ, ಕೇಬಲ್ ಅವರೇ ಹೇಳಿಕೊಡುತ್ತಾರಂತೆ. ದಾರ ನೀವೇ ತನ್ನಿ. ಬೇಕಾಗುವಷ್ಟನ್ನೂ ಒಟ್ಟಿಗೇ ಕೊಳ್ಳಿ, ಚೀಟಿಯಲ್ಲಿ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ) ಎಲ್ಲ ಉಂಡೆಗೂ ಒಂದೇ ಇರಲಿ, ಬೇರೆಯಾದರೆ ಬಣ್ಣ ತೋಳಿನಲ್ಲಿ ಎದ್ದು ಕಾಣುತ್ತದೆ. ಜೊತೆಗೆ ಬರುವ ದೊಡ್ಡಮ್ಮಂದಿರಿಗೂ ಕಾಫಿ ಇದೆ. ಅವರ ಕೈಗೂ ಒಂದು ಜೊತೆ ನೀಡಲ್ ಕೊಡುತ್ತೇನೆ.