ವಾಲಗ ಲೋಡ್ ಆಗ್ತಾ ಇದೆ

ನನ್ನ ಸೆಕೆಂಡ್ ಹ್ಯಾಂಡ್ ಮ್ಯೂಸಿಕ್ ಕೀಬೋರ್ಡಿಗೂ ಕೊಡಗಿನ ಕರೆಂಟಿಗೂ ಜಾತಕ ಕೂಡಿಬರಲೇ ಇಲ್ಲ.

ಹೊರಗಿನಿಂದ ತಂದ ದನಿಗಳಿಗೆ ಅದರಲ್ಲಿರುವ ಜಾಗ 64 ಎಂಬಿ. ಜೇಬಲ್ಲಿ 32 ಜಿಬಿ ಪೆನ್‌ಡ್ರೈವ್ ಇದೆಯಲ್ಲ ಅನ್ನಬೇಡಿ. ಅದು ಅಟ್ಟದ ಮೇಲಿನ ಅಕ್ಕಿಮೂಟೆ. ಬೇಯುವುದು ಒಲೆ ಮೇಲಿನ ಪಾತ್ರೆ ಹಿಡಿದಷ್ಟೇ. ತಾಳದ ಸ್ಟೈಲ್‌ಗಳು ಪಾಪದವು, ಯಾವ ನೋಟು ಯಾವಾಗ ಅಂತ ಬರೆದಿಟ್ಟ ಚೀಟಿ ಅಷ್ಟೇ, ಕೆಲವು ಕೆಬಿಯಲ್ಲಿ ಮುಗಿಯುತ್ತವೆ. ನಿಜವಾದ ದನಿ ಹಾಗಲ್ಲ. ಸಿಡಿ ಗುಣಮಟ್ಟದ ಸ್ಟೀರಿಯೋ ಆದರೆ ನಿಮಿಷಕ್ಕೆ ಹತ್ತು ಎಂಬಿ ನುಂಗುತ್ತದೆ. ದುಡಿ, ಕೊಂಬು, ವಾಲಗ ಎಲ್ಲ ರೆಕಾರ್ಡ್ ಮಾಡಿ ತಂದಿದ್ದೆ. ಕೊಂಬನ್ನು ಮೋನೋ ಮಾಡಿ, ದುಡಿ ಸದ್ದಿನ ಬಾಲ ಕತ್ತರಿಸಿ, ಮೂರು ರಾತ್ರಿ ಕೂತು ತುರುಕಿದೆ. "ಊರಿಗೆ ಹೋಗುವಾಗ ಬ್ಯಾಗಿನ ಜಿಪ್ಪೂ ನೀವೇ ಹಾಕಿ" ಅಂದಳು ಹೆಂಡತಿ.

ಆ 64 ಎಂಬಿಯೂ ರ‍್ಯಾಮ್. ಸ್ವಿಚ್ ಆರಿದರೆ ಖಾಲಿ! ಮತ್ತೆ ತುಂಬಿಸಲು ನಾಲ್ಕು ನಿಮಿಷ.

ಮೇ ತಿಂಗಳು, ವಿರಾಜಪೇಟೆ ಹತ್ತಿರ ಒಂದು ಮದುವೆ. ಸಂಜೆ ಗುಡುಗು ಸಹಿತ ಮಳೆ. ದಾರಿಗೆ ಮರ ಬಿದ್ದು ವಾಲಗದವರು ಅಲ್ಲೇ ಸಿಕ್ಕಿಬಿದ್ದರು. ಕುಣಿಯಲು ಸೊಂಟ ಕಟ್ಟಿ ನಿಂತಿದ್ದ ಮದುಮಗನ ಮಾವ ನನ್ನ ಕಡೆ ತಿರುಗಿದರು.

"ಮಾಸ್ಟ್ರೇ, ನಿಮ್ ಪೆಟ್ಟಿಗೇಲಿ ವಾಲಗ ಇದ್ಯಂತೆ?"

"ಇದೆ ಅಂಕಲ್, ನಾಲ್ಕೇ ನಿಮಿಷ."

ಮೂರೂವರೆ ನಿಮಿಷಕ್ಕೆ ಕರೆಂಟ್ ಹೋಯಿತು. ಜನರೇಟರ್ ಬಂತು, ಮೊದಲಿಂದ ಲೋಡ್. ಈ ಸಲ ಪೂರ್ತಿಯಾಯಿತು. ಕೊಂಬು ಒಂದು ಸಲ 'ಪೋಂ' ಅಂದಿದ್ದೇ ತಡ, ಮಾವ ಕೈ ಎತ್ತಿದರು. ಅಷ್ಟರಲ್ಲಿ ಲೈನ್ ಕರೆಂಟ್ ವಾಪಸ್ ಬಂತು ಅಂತ ಯಾರೋ ಪುಣ್ಯಾತ್ಮ ಜನರೇಟರ್ ಆರಿಸಿ ಆ ಕಡೆಗೆ ತಿರುಗಿಸಿದ. ಎರಡೇ ಸೆಕೆಂಡು ಕತ್ತಲೆ. ಮತ್ತೆ ಖಾಲಿ. ಯುಪಿಎಸ್ ತರಬೇಕಿತ್ತು ನಿಜ, ಅದು ಮನೆಯಲ್ಲಿ ಟಿವಿ ಕೆಳಗಿತ್ತು. ಕಂಪನಿಯವರೇ ತುಂಬಿಟ್ಟ ಪಿಯಾನೋ ಮಾತ್ರ ಎಲ್ಲಿಗೂ ಹೋಗುವುದಿಲ್ಲವಲ್ಲ, ಅದನ್ನೇ ನುಡಿಸಿದೆ. ಮಾವ ಎತ್ತಿದ ಕೈ ಇಳಿಸಿ ಪಂದಿಕರಿ ಕಡೆ ನಡೆದರು.

ಮೂರನೇ ಲೋಡ್ ಅರ್ಧಕ್ಕೆ ಬಂದಾಗ ಜೀಪೊಂದು ಅಂಗಳಕ್ಕೆ ನುಗ್ಗಿತು. ವಾಲಗದವರು! ಎಲ್ಲರೂ ಓ ಅಂದರು. ಹಿರಿಯರೊಬ್ಬರು ಇಳಿದು ಡೋಲಿನ ಮೇಲೆ ಬೆರಳಾಡಿಸಿದರು. 'ದಪ್' ಅಂತ ಸತ್ತ ಸದ್ದು.

"ಚರ್ಮ ತಂಡಿ ಹಿಡಿದಿದೆ. ಬೆಂಕಿಗೆ ಕಾಯಿಸ್ಬೇಕು, ಹತ್ತು ನಿಮಿಷ."

ಮಾವ ಕಡಂಬುಟ್ಟಿನ ಅಕ್ಕಿ ಉಂಡೆ ಹಿಡಿದೇ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು.

"ನಿಮ್ದೂ ಲೋಡಾ?"