ಎಂಟು ಸೆಕೆಂಡಿನ ಹಳೇ ಹಾಡು

ಬೆಳಗ್ಗೆ ಆಟೋದಲ್ಲಿ ಬಂತು. ಮಧ್ಯಾಹ್ನ ದರ್ಶಿನಿಯಲ್ಲಿ ಕಾಫಿ ಹೀರುವಾಗ ಅದೇ ಬಂತು. ರಾತ್ರಿ ಸಿಲ್ಕ್ ಬೋರ್ಡ್‌ನಲ್ಲಿ ಕ್ಯಾಬು ನಿಂತಲ್ಲೇ ನಿಂತಾಗ ಮತ್ತೆ ಅದೇ. ಯಾವ ಹಾಡು ಅಂತ ಹೇಳಬೇಕಿಲ್ಲ. ಈಗಾಗಲೇ ನಿಮ್ಮ ತಲೆಯೊಳಗೆ ಶುರುವಾಗಿದೆ, ಕ್ಷಮಿಸಿ.

ಎಫ್‌ಎಂನವರು ಇದನ್ನು ಎವರ್‌ಗ್ರೀನ್ ಅನ್ನುತ್ತಾರೆ. ಕನ್ನಡ ಸಿನಿಮಾ ಬಾಯಿ ಬಿಟ್ಟದ್ದು 1934ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಸಾವಿರಾರು ಹಾಡು ಬಂದವು. ಹಸಿರಾಗಿ ಉಳಿದದ್ದು ಒಂದು ಬೊಗಸೆ. ಉಳಿದವಕ್ಕೆ ನೀರು ಹಾಕಿದ್ರಾ ಅಂತ ಮಾತ್ರ ಕೇಳಬಾರದು.

ಹಾಡು ಆರಿಸುವುದು ಕಿವಿಯ ಕೆಲಸ ಅಂದುಕೊಂಡಿದ್ದೆ. ಪೆದ್ದ ನಾನು. ರೇಡಿಯೋ ಧಂದೆಯಲ್ಲಿ ಇದಕ್ಕೊಂದು ವಿದ್ಯೆಯೇ ಇದೆ, ಅಮೆರಿಕದಲ್ಲಿ ಬೆಳೆದದ್ದು. ಜನರನ್ನು ಹಾಲ್‌ನಲ್ಲಿ ಕೂರಿಸುತ್ತಾರೆ, ಇಲ್ಲವೇ ಫೋನ್ ಮಾಡುತ್ತಾರೆ. ಒಂದೊಂದು ಹಾಡಿನಿಂದ ಏಳೆಂಟು ಸೆಕೆಂಡಿನ ತುಣುಕು. ಗೊತ್ತಾ? ಇಷ್ಟಾನಾ? ಕೇಳಿ ಕೇಳಿ ಬೇಜಾರಾಗಿದೆಯಾ? ಅಂಕ ಹಾಕಿ, ಮುಂದಿನದು. ಪಾಸಾದವು ಕಂಪ್ಯೂಟರಿಗೆ ಹೋಗುತ್ತವೆ. ಯಾವ ಗಂಟೆಗೆ ಯಾವುದು ಅಂತ ಸಾಫ್ಟ್‌ವೇರ್ ಹೇಳುತ್ತದೆ. ನಮ್ಮಲ್ಲಿ ಹೆಣ್ಣು ನೋಡೋಕೆ ಹೋದವರು ಕೂಡ ಉಪ್ಪಿಟ್ಟು, ಕೇಸರಿಬಾತ್ ಮುಗಿಯುವವರೆಗೆ ಕೂರುತ್ತಾರಪ್ಪ!

ಗೊತ್ತಿರುವ ಹಾಡಿಗೇ ಅಂಕ. ಹಾಕದ ಹಾಡು ಯಾರಿಗೂ ಗೊತ್ತಿರಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಇದಕ್ಕಿಂತ ಬಿ.ವಿ. ಕೇಸ್ಕರ್ ವಾಸಿ. 1952ರಿಂದ 10 ವರ್ಷ ಕೇಂದ್ರದಲ್ಲಿ ವಾರ್ತಾ ಸಚಿವರಾಗಿದ್ದ ಪುಣ್ಯಾತ್ಮ. ಸಿನಿಮಾ ಹಾಡು ಕೇಳಿದರೆ ಜನರ ರುಚಿ ಕೆಡುತ್ತದೆ ಅಂತ ಆಕಾಶವಾಣಿಯಲ್ಲಿ ಅದಕ್ಕೆ ಬಾಗಿಲು ಹಾಕಿಸಿದರು. ಜನ ಜಗಳ ಆಡಲಿಲ್ಲ, ಮುಳ್ಳು ತಿರುಗಿಸಿ, ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನ್ ಹಿಡಿದರು. ಕಡೆಗೆ 1957ರ ಅಕ್ಟೋಬರ್ 3ಕ್ಕೆ ಸರ್ಕಾರವೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಬೇಕಾಯಿತು. ಹಾರ್ಮೋನಿಯಂ ಕತೆ ಇನ್ನೂ ಮಜಾ. ನಮ್ಮ ಸಂಗೀತಕ್ಕೆ ಒಗ್ಗಲ್ಲ ಅಂತ ಬ್ರಿಟಿಷರ ಕಾಲದಲ್ಲೇ, 1940ರಲ್ಲಿ, ಅದನ್ನು ಆಕಾಶವಾಣಿಯಿಂದ ಆಚೆ ಹಾಕಿದ್ದರು. ಮತ್ತೆ ಬಾಗಿಲು ಅರ್ಧ ತೆರೆದದ್ದು 1971ರಲ್ಲಿ. 31 ವರ್ಷ ಗೇಟಿನಾಚೆ! ಅಷ್ಟೊತ್ತಿಗೆ ನಾಟಕ ಕಂಪನಿಗಳ ಎಷ್ಟು ಪೇಟಿ ಮಾಸ್ತರರು ನುಡಿಸಿ ನುಡಿಸಿ ಮುದುಕರಾಗಿದ್ದರೋ.

ಎಲ್ಲಿಂದ ಎಲ್ಲಿಗೋ ಹೋದೆ. ಕೇಸ್ಕರ್‌ಗೆ ಹಾಡಿನ ಮೇಲೆ ಸಿಟ್ಟಾದರೂ ಇತ್ತು. ಬೈಯೋಕೆ ಒಬ್ಬ ಮನುಷ್ಯ ಸಿಗುತ್ತಿದ್ದರು. ಈಗ ಯಾರನ್ನು ಬೈಯೋದು, ಎಕ್ಸೆಲ್ ಶೀಟನ್ನಾ?

ಹಳೆಯದು ಅನ್ನುವುದೂ ವರ್ಷ ವರ್ಷ ಮುಂದೆ ಸರಿಯುತ್ತದೆ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಪ್ಪು ಬಿಳುಪಿನ ಕಾಲ ಪಟ್ಟಿಯಿಂದ ಮೆಲ್ಲಗೆ ಜಾರಿತು. ಜಾಹೀರಾತಿನವರಿಗೆ ಬೇಕಾದ್ದು ಹರೆಯದ ಕಿವಿ. 70 ದಾಟಿದವರು ಫ್ಲ್ಯಾಟ್ ಕೊಳ್ಳಲ್ಲ, ಬೈಕ್ ಕೊಳ್ಳಲ್ಲ. ಅವರು ತಿಂಗಳು ತಿಂಗಳು ತಪ್ಪದೆ ಕೊಳ್ಳುವುದು ಬಿಪಿ ಮಾತ್ರೆ, ಅದಕ್ಕೆ ಜಿಂಗಲ್ ಇಲ್ಲ. ಈಗ ಹಂಸಲೇಖ ಅವರ ಹಾಡಿಗೇ ಓಲ್ಡ್ ಈಸ್ ಗೋಲ್ಡ್ ಅಂತಾರೆ. 2006ರ ಮಳೆಯಲ್ಲಿ ನೆನೆದ ನಮ್ಮ ಹಾಡೂ ರೆಟ್ರೋ ಆಗಿದೆ. ಕನ್ನಡಿ ನೋಡಿಕೊಂಡೆ. ತಪ್ಪೇನಿಲ್ಲ ಬಿಡಿ.

ಹಾಕುವುದನ್ನಾದರೂ ಪೂರ್ತಿ ಹಾಕುತ್ತಾರಾ? ರಾಜನ್-ನಾಗೇಂದ್ರ ಕೂತು ಕಟ್ಟಿದ ಆರಂಭದ ಸಂಗೀತದ ಮೇಲೆ ಆರ್‌ಜೆ ಹೆಬ್ಬಾಳದ ಟ್ರಾಫಿಕ್ ಹೇಳುತ್ತಾನೆ. ಎರಡನೇ ಚರಣದ ಜಾಗಕ್ಕೆ ಸೈಟು ಮಾರುವವರು ಬರುತ್ತಾರೆ, ಏರ್‌ಪೋರ್ಟ್‌ಗೆ ಬರೀ 20 ನಿಮಿಷ ಅಂತ. ಬರೆದವರು ಯಾರು, ರಾಗ ಹಾಕಿದವರು ಯಾರು, ಸುದ್ದಿಯೇ ಇಲ್ಲ. ಆಕಾಶವಾಣಿಯಲ್ಲಿ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಅಂತ ಒಂದೂ ಬಿಡದೆ ಓದುತ್ತಿದ್ದರು. ಕೋರಿದವರ ಹೆಸರು, ಅವರ ತಂಗಿಯರು, ಪಕ್ಕದ ಮನೆಯವರು, 'ಮತ್ತು ಮನೆಯವರೆಲ್ಲ'. ಒಂದು ಕಾರ್ಡಿಗೆ ಇಡೀ ಬೀದಿಯೇ ರೇಡಿಯೋದಲ್ಲಿ.

ಪಟ್ಟಿಯಲ್ಲಿಲ್ಲದ ಹಾಡು ಗಾಳಿಗೆ ಬರೋಕೆ ಒಂದು ದಾರಿ ಉಳಿದಿದೆ. ಹಾಡಿದವರು ಸಾಯಬೇಕು. 2013ರ ಏಪ್ರಿಲ್ 14ಕ್ಕೆ ಪಿ.ಬಿ. ಶ್ರೀನಿವಾಸ್ ಹೋದರು. 2023ರ ಫೆಬ್ರವರಿ 4ಕ್ಕೆ ವಾಣಿ ಜಯರಾಂ. ಇಂಥ ದಿನ ಎಲ್ಲೆಲ್ಲಿಂದಲೋ ಹಾಡುಗಳು ಎದ್ದು ಬರುತ್ತವೆ, ಆರ್‌ಜೆ ದನಿಯೂ ತಗ್ಗುತ್ತದೆ. ಅಂದರೆ ಹಾಡು ಇತ್ತು ಅಲ್ವಾ? ಹಾಕೋಕೆ ಬರುತ್ತಿತ್ತು ಅಲ್ವಾ? ಹಿಂದಿನ ದಿನ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು? ಇದನ್ನೂ ತಮಾಷೆ ಮಾಡೋಣ ಅಂತ ಕೂತೆ. ಆಗುತ್ತಿಲ್ಲ.

ಮೊನ್ನೆ ಆಟೋದಲ್ಲಿ ತಡೆಯಲಾಗದೆ ಕೇಳಿದೆ. "ಗುರುಗಳೇ, ಬೇರೆ ಸ್ಟೇಷನ್ ಹಾಕ್ತೀರಾ?"

"ಎಲ್ಲಾದ್ರಲ್ಲೂ ಅದೇ ಸಾರ್," ಅಂದರು. ಆದರೂ ತಿರುಗಿಸಿದರು.

ಅದೇ ಹಾಡು. ಇಲ್ಲಿ ಮಾತ್ರ ಎರಡನೇ ಚರಣ ನಡೆದಿತ್ತು. ಅದಕ್ಕೊಂದು ಎರಡನೇ ಚರಣ ಇದೆ ಅಂತಲೇ ಮರೆತಿದ್ದೆ.